ಕ್ಯಾಂಪರ್ ವ್ಯಾನ್ ಕೊಳ್ಳುವ ಮುಂಚೆ ನಾಲ್ಕು ಲೆಕ್ಕ

ಹಳೇ ಟೆಂಪೋ ಟ್ರಾವೆಲರ್ ತಗೊಂಡು, ಹಿಂದಿನ ಸೀಟು ಕಿತ್ತು, ಹಾಸಿಗೆ, ಒಲೆ ಕೂರಿಸಿ ಊರೂರು ಸುತ್ತುವ ಆಸೆ ನನ್ನ ವಾರಿಗೆಯವರಲ್ಲಿ ಜೋರಾಗಿದೆ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಹಾಗಾಗಿ ಗೆಳೆಯರು ಕೇಳೋ ಮೊದಲ ಪ್ರಶ್ನೆ, 'ಸೋಲಾರ್ ಎಷ್ಟು ವ್ಯಾಟ್ ಹಾಕ್ಸೋದು?' ಅದು ಆಮೇಲಿನ ಮಾತು. ಮೊದಲು ನಾಲ್ಕು ಲೆಕ್ಕ ಸರಿಹೋಗಬೇಕು: ಕಾಗದ, ತೂಕ, ಕರೆಂಟು, ಕೊಳೆ.

ಕಾಗದ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಕಾನೂನು ಮೀರಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ಹಾಗಂತ ಕ್ಯಾಂಪರ್ ವ್ಯಾನೇ ನಿಷಿದ್ಧ ಅಂತಲ್ಲ. ಮೋಟಾರ್ ಕ್ಯಾರವಾನ್‌ಗಳ ಅನುಮೋದನೆಗೆ ಎಐಎಸ್-124 ಎಂಬ ಮಾನದಂಡವೇ ಇದೆ. ನೋಂದಣಿಯಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್‌ಗೆ ಪ್ರತ್ಯೇಕ ವರ್ಗವಿದೆ. ಆದ್ದರಿಂದ ಅಡ್ವಾನ್ಸ್ ಕೊಡೋ ಮುಂಚೆ ಗ್ಯಾರೇಜಿನವರನ್ನು ಕೇಳಿ: ಅನುಮೋದನೆ ಪತ್ರ ಎಲ್ಲಿ? ಆರ್‌ಸಿಯಲ್ಲಿ ಏನಂತ ಬರುತ್ತೆ? 'ಆರ್‌ಟಿಓದಲ್ಲಿ ನಮ್ಮವರಿದ್ದಾರೆ ಸಾರ್' ಅನ್ನೋದು ಉತ್ತರವಲ್ಲ. ಮಾರ್ಪಾಡನ್ನು ಮುಚ್ಚಿಟ್ಟರೆ, ಅಪಘಾತವಾದ ದಿನ ವಿಮಾ ಕಂಪನಿಗೆ ಕ್ಲೇಮ್ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ.

ತೂಕ: ಗಾಡಿಯ ಗರಿಷ್ಠ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉದಾಹರಣೆಗೆ 1,000 ಕೆಜಿ ಉಳಿಯಿತು ಅನ್ನಿ. ಪ್ಲೈವುಡ್ ಕೆಲಸ 400, ನೂರು ಲೀಟರ್ ನೀರು 100, ಬ್ಯಾಟರಿ 60, ನಾಲ್ಕು ಜನ 280, ಸಾಮಾನು 80. ಒಟ್ಟು 920. ಫ್ರಿಜ್ಜು, ಸೋಲಾರ್ ಪ್ಯಾನಲ್ ಇನ್ನೂ ಸೇರಿಲ್ಲ! ಮಿತಿ ಮೀರಿದರೆ ಘಾಟಿಯ ಇಳಿಜಾರಿನಲ್ಲಿ ಅದರ ಬೆಲೆ ತೆರುವುದು ಬ್ರೇಕು. ಕೆಲಸ ಮುಗಿದ ಮೇಲೆ ನೀರು ತುಂಬಿಸಿ, ಜನರನ್ನು ಕೂರಿಸಿ, ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ.

ಕರೆಂಟು: 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1.2 ಯೂನಿಟ್. ಲೆಡ್-ಆಸಿಡ್ ಆದರೆ ಅರ್ಧದಷ್ಟನ್ನೇ ಬಳಸಿದರೆ ಬಾಳಿಕೆ. 1,500 ವ್ಯಾಟಿನ ಇಂಡಕ್ಷನ್ ಒಲೆ ಇನ್ವರ್ಟರ್ ಮೂಲಕ ಆ ಬ್ಯಾಟರಿಯಿಂದ ಕನಿಷ್ಠ 125 ಆಂಪಿಯರ್ ಎಳೆಯುತ್ತದೆ. ಮನೆಯ ಸ್ವಿಚ್ಚಿಗೆ ಹಾಕುವ ವೈರನ್ನೇ ಇಲ್ಲಿಗೂ ಹಾಕಿದರೆ ಬೆಂಕಿ ಖಾತ್ರಿ. ದಪ್ಪ ಕೇಬಲ್ ಹಾಕಿಸಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಗ್ಯಾಸ್ ಒಲೆಯಾದರೆ ನೆನಪಿಡಿ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತೆ. ಗಾಳಿಕಿಂಡಿ ತಳದಲ್ಲೂ ಬೇಕು. ಕಿಟಕಿ ಮುಚ್ಚಿ ಒಲೆ ಉರಿಸಿ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ.

ಕೊಳೆ: ಯಾರೂ ಕೇಳದ ಪ್ರಶ್ನೆ ಇದು. ವ್ಯಾನಿನ ಟಾಯ್ಲೆಟ್ ತುಂಬಿದಾಗ ಎಲ್ಲಿ ಸುರಿಯುತ್ತೀರಿ? ಹೊಳೆದಂಡೆಯಲ್ಲಿ ಸುರಿದರೆ ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಹೋಂಸ್ಟೇಯ ಹುಡುಗನ ಕೈಗೆ 200 ರೂಪಾಯಿ ತುರುಕಿ 'ಸ್ವಲ್ಪ ಕ್ಲೀನ್ ಮಾಡ್ಬಿಡಪ್ಪ' ಅಂದರೆ? ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಮಲ ಎತ್ತುವ ಕೆಲಸಕ್ಕೆ ಜನರನ್ನು ಹಚ್ಚುವುದು ದೇಶಾದ್ಯಂತ ಅಪರಾಧ ಎನ್ನುವ ಕಾಯ್ದೆ 2013ರಿಂದ ಇದೆ. ಅಷ್ಟೆಲ್ಲ ಆದ ಮೇಲೆ ಆ ಕೆಲಸವನ್ನು ಚಕ್ರದ ಮೇಲೆ ಕೂರಿಸಿ ವಾಪಸ್ ತರೋದು ಬೇಡ.

ಹೊರತೆಗೆದು ಖಾಲಿ ಮಾಡಬಹುದಾದ ಕ್ಯಾಸೆಟ್ ಟಾಯ್ಲೆಟ್ ಸಿಗುತ್ತದೆ, ಅದನ್ನೇ ಹಾಕಿಸಿ. ಎರಡು ದಿನಕ್ಕೊಮ್ಮೆ ಅನುಮತಿ ಕೇಳಿ, ಸರಿಯಾದ ಶೌಚಾಲಯಕ್ಕೆ ನೀವೇ ಸುರಿದು, ನೀವೇ ತೊಳೆಯಿರಿ. ಅಸಹ್ಯ ಅನಿಸಿದರೆ ಟಾಯ್ಲೆಟ್ ಹಾಕಿಸಲೇಬೇಡಿ. ಶೌಚಾಲಯ ಇರುವ ಕಡೆಯೇ ರಾತ್ರಿ ತಂಗಿ.

ರೀಲ್ಸ್‌ನಲ್ಲಿ ಕ್ಯಾಂಪರ್ ವ್ಯಾನ್ ಅಂದರೆ ಸ್ವಾತಂತ್ರ್ಯ. ಇರಲಿ, ಸ್ವಾತಂತ್ರ್ಯವೇ. ಆದರೆ ನಿಮ್ಮ ಕೊಳೆಯನ್ನು ಇನ್ನೊಬ್ಬರು ಎತ್ತಬೇಕಾದರೆ, ಅದನ್ನು ಸ್ವಾತಂತ್ರ್ಯ ಅನ್ನೋದಿಲ್ಲ. ಅದಕ್ಕೆ ನಮ್ಮ ನಾಡಲ್ಲಿ ಬಹಳ ಹಳೆಯ ಹೆಸರಿದೆ: ಜಾತಿ.