ಕೆ.ಆರ್. ಪೇಟೆಗಿಂತ ಎತ್ತರದ ಕಬ್ಬು!

ನಮ್ಮದು ಪಾಂಡವಪುರ. ಕ್ಯಾಂಪಸ್ ಇಂಟರ್‌ವ್ಯೂ ತಯಾರಿಯ ಕ್ಲಾಸಿನಲ್ಲಿ ಎದ್ದು ನಿಂತು, ‘ಅವರ್ ಶುಗರ್‌ಕೇನ್ ಈಸ್ ಟಾಲರ್ ದ್ಯಾನ್ ಕೆ.ಆರ್. ಪೇಟೆ’ ಅಂದೆ. ‘ಊರಿಗಿಂತ ಎತ್ತರದ ಕಬ್ಬಾ? ಯಾವ ಗೊಬ್ಬರ ಹಾಕ್ತೀರಪ್ಪಾ?’ ಅಂದ್ರು ಮೇಷ್ಟ್ರು. ಕ್ಲಾಸೆಲ್ಲ ಗೊಳ್ಳೆಂದಿತು. ಕಬ್ಬನ್ನು ಕಬ್ಬಿನ ಜೊತೆಗೇ ಹೋಲಿಸಬೇಕಂತೆ: ‘ದ್ಯಾನ್ ದ ಶುಗರ್‌ಕೇನ್ ಇನ್ ಕೆ.ಆರ್. ಪೇಟೆ’. ಕನ್ನಡದಲ್ಲಿ ‘ಕೆ.ಆರ್. ಪೇಟೆಗಿಂತ’ ಅಂದರೂ ನಡೆದುಹೋಗುತ್ತೆ ನೋಡಿ!

ಅದು ನಗುವಿನಲ್ಲೇ ಮುಗೀತು. ಕೈಕೊಟ್ಟಿದ್ದು ‘ಹಿ’. ನಮ್ಮ ಪ್ರಾಜೆಕ್ಟಿನ ಸರ್ಕ್ಯೂಟ್ ಸುಟ್ಟುಹೋದಾಗ ಶ್ರೀರಂಗಪಟ್ಟಣದ ಗೆಳೆಯ, ವೈರ್ ತಪ್ಪಾಗಿ ಜೋಡಿಸಿದ್ದು ತಾನೇ ಎಂದು ನಾಗಮಂಗಲದವನ ಹತ್ತಿರ ಒಪ್ಪಿಕೊಂಡಿದ್ದ. ಗೈಡ್‌ಗೆ ಮೇಲ್ ಬರೆದ ನಾನು ಇಬ್ಬರ ಹೆಸರಿನ ನಡುವೆ ‘ಟೋಲ್ಡ್’ ಹಾಕಿ, ‘ದಟ್ ಹಿ ಹ್ಯಾಡ್ ವೈರ್ಡ್ ಇಟ್ ರಾಂಗ್ಲಿ’ ಅಂತ ಮುಗಿಸಿದೆ. ಬೈಸಿಕೊಂಡವನು ನಾಗಮಂಗಲದವನು! ಕನ್ನಡದಲ್ಲಾದರೆ ‘ತಾನೇ’ ಅಂದ ಕೂಡಲೇ ಯಾರೆಂದು ಗೊತ್ತಾಗುತ್ತೆ. ‘ಹಿ’ಗೆ ಆ ಸವಲತ್ತಿಲ್ಲ. ‘ಟೋಲ್ಡ್’ ಬದಲು ‘ಅಡ್ಮಿಟೆಡ್ ಟು’ ಬರೆಯಬಹುದಿತ್ತು, ಇಲ್ಲವೇ ‘ಹಿ’ ಇದ್ದ ಜಾಗದಲ್ಲಿ ಹೆಸರನ್ನೇ ಮತ್ತೆ ಬರೆಯಬೇಕಿತ್ತು.

ಎರಡನೇ ಮೇಲ್‌ನಲ್ಲಿ ಹೆಸರು ಬರೆದೆ, ಗೈಡ್ ಒಪ್ಪಿದರು. ನಾಗಮಂಗಲದವನು ಮಾತ್ರ ವಾರವಾದರೂ ಬಸ್ಸಿನಲ್ಲಿ ನನಗೆ ಸೀಟು ಹಿಡಿದಿಲ್ಲ.