ನಗರದ ಅಂದ, ಬಡವನ ಅಂಗಳ

ನಗರವು ಸುಂದರವಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಸ್ಥಳ ಬಿಟ್ಟುಕೊಡುವವರು ಯಾರು, ಅವರಿಗೆ ದೊರೆಯುವುದೇನು ಎಂಬುದನ್ನು ವಿಚಾರಿಸುವುದು ಅವಶ್ಯ. ಮುಂಬಯಿಯ ಚಾಳು, ಜೋಪಡಿಗಳಲ್ಲಿ ದಿನ ಕಳೆಯುವ ನಮ್ಮ ಹೋಟೆಲು ಕಾರ್ಮಿಕರಿಗೂ ಗುಮಾಸ್ತರಿಗೂ ಇದು ಪರರ ಸಮಾಚಾರವಲ್ಲ.

ಆಂಧ್ರದ ವಿಜಯವಾಡವನ್ನು ನೋಡೋಣ. ಬಂದರು, ಏಲೂರು, ರೈವ್ಸ್ ಎಂಬ ಮೂರು ಕಾಲುವೆಗಳು ಈ ನಗರದ ನಡುವೆ ಹರಿಯುತ್ತವೆ. ಅವುಗಳ ದಂಡೆಯಲ್ಲೂ ಗುಡ್ಡಗಳ ಇಳಿಜಾರಿನಲ್ಲೂ ಕೂಲಿಕಾರರು ಗುಡಿಸಲು ಕಟ್ಟಿಕೊಂಡರು. ದುಡಿಮೆಯ ಸ್ಥಳಕ್ಕೆ ಅದು ಸಮೀಪ. ೨೦೦೫ರಲ್ಲಿ ಕೇಂದ್ರ ಸರಕಾರವು ಜವಾಹರಲಾಲ್ ನೆಹರೂ ಹೆಸರಿನ ನಗರ ನವೀಕರಣ ಯೋಜನೆಯನ್ನು ಆರಂಭಿಸಿದಾಗ ವಿಜಯವಾಡ, ವಿಶಾಖಪಟ್ಟಣಗಳೆರಡೂ ಅದಕ್ಕೆ ಸೇರಿದವು. ಖಾಸಗಿಯವರು ನಿರ್ಮಿಸುವ ಬಡಾವಣೆಗಳಲ್ಲಿಯೂ ಶೇಕಡಾ ೨೦ರಿಂದ ೨೫ರಷ್ಟು ಭೂಮಿ ಬಡವರಿಗೂ ಅಲ್ಪ ವರಮಾನದವರಿಗೂ ಮೀಸಲಿರಬೇಕೆಂಬ ಸುಧಾರಣೆಯನ್ನು ಅದು ಸೂಚಿಸಿತ್ತು. ತತ್ತ್ವವು ಶ್ಲಾಘ್ಯವೇ ಸರಿ.

ಆದರೆ ನಗರಮಧ್ಯದ ಭೂಮಿ ದುಬಾರಿ. ಬಡವರ ಮನೆಗಳು ಎದ್ದದ್ದು ಬಹುಮಟ್ಟಿಗೆ ಅಂಚಿನಲ್ಲಿ: ವಿಜಯವಾಡದಲ್ಲಿ ಜಕ್ಕಂಪೂಡಿಯ ಕಡೆ, ವಿಶಾಖಪಟ್ಟಣದಲ್ಲಿ ಮಧುರವಾಡದ ಕಡೆ. ಬಾಡಿಗೆ ತಪ್ಪಿದರೂ ಬಸ್ಸಿನ ಖರ್ಚು ತಪ್ಪಲಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿದಾಗ, ಬಡವರಿಗೆಂದೇ ಕಟ್ಟಿದ ವಾಂಬೇ ಕಾಲನಿಯೂ ನೀರಿನಲ್ಲಿ ನಿಂತಿತು.

ಸಮೀಪದ ಅಮರಾವತಿಯ ಕಥೆಯೂ ಬೋಧಪ್ರದ. ಹೊಸ ರಾಜಧಾನಿಗಾಗಿ ರೈತರು ೩೩,೦೦೦ ಎಕರೆಗೂ ಮಿಕ್ಕಿ ಭೂಮಿ ಒಪ್ಪಿಸಿದರು. ಅವರಿಗೆ ಪ್ರತಿಯಾಗಿ ಅಭಿವೃದ್ಧಿಪಡಿಸಿದ ನಿವೇಶನಗಳ ಹಕ್ಕು. ಆ ಹೊಲಗಳಲ್ಲಿ ದುಡಿದ ಭೂಹೀನ ಕುಟುಂಬಕ್ಕೆ ಗೊತ್ತುಮಾಡಿದ್ದು ಮೊದಲಿಗೆ ತಿಂಗಳಿಗೆ ೨,೫೦೦ ರೂಪಾಯಿ ಮಾತ್ರ. ಭೂಮಿಯ ಬೆಲೆ ಏರಿದಾಗ ಲಾಭ ಪತ್ರವುಳ್ಳವನಿಗೆ, ಬೆವರುಳ್ಳವನಿಗಲ್ಲ.

ಮುಂಬಯಿಯಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಜೋಪಡಿ ಪುನರ್ವಸತಿ ಪ್ರಾಧಿಕಾರದ ಯೋಜನೆಯೂ ಪತ್ರವನ್ನೇ ಕೇಳುತ್ತದೆ. ಬಿಲ್ಡರನು ನಿವಾಸಿಗಳಿಗೆ ಉಚಿತ ಮನೆ ಕಟ್ಟಿಕೊಟ್ಟು, ಅದೇ ಭೂಮಿಯಲ್ಲಿ ಹೆಚ್ಚುವರಿಯಾಗಿ ಕಟ್ಟಿದ ಮನೆಗಳನ್ನು ಮಾರಿ ಲಾಭ ಪಡೆಯುತ್ತಾನೆ. ಉಚಿತ ಮನೆಯಾದರೋ ೨೦೦೦ದ ಜನವರಿ ೧ಕ್ಕೆ ಮುಂಚಿನ ವಾಸಕ್ಕೆ ಪುರಾವೆ ಉಳ್ಳವರಿಗೆ. ಹೋಟೆಲಿನ ಅಟ್ಟದಲ್ಲಿ ಮಲಗಿ ಮೂವತ್ತು ವರ್ಷ ಕಳೆದ ನಮ್ಮ ಬಂಧುವಿನ ಬಳಿ ಯಾವ ಪುರಾವೆಯಿದೆ?

ಸರಕಾರದ ಭೂಮಿಯೂ ಖಾಸಗಿಯವರ ಬಂಡವಾಳವೂ ಕೂಡುವುದನ್ನು ನಾವು ವಿರೋಧಿಸುವುದಿಲ್ಲ. ಕರಾರಿನಲ್ಲಿ ಮೂರನೆಯವನಾದ ನಿವಾಸಿಗೂ ಸ್ಥಾನವಿರಲೆಂಬುದೇ ನಮ್ಮ ಆಗ್ರಹ. ಸಹಿ ಹಾಕುವ ಮುನ್ನ ಕೇಳಿರಿ: ಹೊಸ ಮನೆ ಎಲ್ಲಿ? ಅದು ಸಿದ್ಧವಾಗುವವರೆಗೆ ಬಾಡಿಗೆ ಕೊಡುವವರು ಯಾರು? ಪಟ್ಟಿಯಲ್ಲಿ ನಮ್ಮ ಹೆಸರಿದೆಯೇ? ಪಡಿತರ ಚೀಟಿ, ಬಾಡಿಗೆ ರಸೀದಿ, ಮತದಾರರ ಪಟ್ಟಿಯ ಪ್ರತಿ, ಇವನ್ನು ಇಂದೇ ಒಂದೆಡೆ ಭದ್ರವಾಗಿಡಿರಿ. ಬಡವನ ಅಡಿಪಾಯ ಈ ಕಾಗದವೇ.