12 ವರ್ಷ ಬಾಡಿಗೆಗೆ ಇದ್ದರೆ ಮನೆ ಬಾಡಿಗೆದಾರರ ಪಾಲಾಗುತ್ತದೆಯೇ?

“ಮನೆ ಮಾಲೀಕರೇ ಎಚ್ಚರ! ಬಾಡಿಗೆದಾರ 12 ವರ್ಷ ನಿಮ್ಮ ಮನೆಯಲ್ಲಿದ್ದರೆ ಮನೆ ಅವನದೇ. ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ.” ಹೆಚ್ಚುಕಡಿಮೆ ಇದೇ ಮಾತುಗಳ ಸಂದೇಶ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ.

ಇದನ್ನು ನಮಗೆ ಕಳುಹಿಸಿ ನಿಜವೇ ಎಂದು ಕೇಳಿದವರು ಮಂಗಳೂರಿನ ಓದುಗರೊಬ್ಬರು. ಕಡಲ ತೀರದ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಯಲಬುರ್ಗಾ-ಕುಕನೂರು ಭಾಗದ ಮಂಗಳೂರು. ಊರು ಬಿಟ್ಟು ಬೆಂಗಳೂರು, ಹುಬ್ಬಳ್ಳಿ ಸೇರಿದವರ ಮನೆಗಳನ್ನು ಕೊಪ್ಪಳ ಮತ್ತು ಗಂಗಾವತಿಯಲ್ಲಿ ನೋಡಿಕೊಳ್ಳುವುದು ಅವರ ಕೆಲಸ. ಬಾಡಿಗೆದಾರರನ್ನು ಹುಡುಕುವುದು, ಬಾಡಿಗೆ ವಸೂಲಿ ಮಾಡುವುದು, ನಲ್ಲಿ-ಮೋಟರ್ ಕೆಟ್ಟರೆ ಸರಿಮಾಡಿಸುವುದು, ಅದಕ್ಕೆ ಇಷ್ಟು ಎಂದು ಕಮಿಷನ್. ಈ ಫಾರ್ವರ್ಡ್ ಓಡಾಡಿದಾಗಲೆಲ್ಲ ಮಾಲೀಕರಿಂದ ಒಂದೇ ಫೋನ್ ಅಂತೆ: “ತಮ್ಮಾ, ಅವ್ರನ್ನ ಖಾಲಿ ಮಾಡ್ಸಿಬಿಡು.” ಹತ್ತು ವರ್ಷದಿಂದ ತಿಂಗಳು ತಪ್ಪದೆ ಬಾಡಿಗೆ ಕೊಟ್ಟ ಕುಟುಂಬ, ಮಕ್ಕಳ ಶಾಲೆ ನಡೆಯುತ್ತಿರುವಾಗಲೇ ಬೇರೆ ಮನೆ ಹುಡುಕಬೇಕು. ಖಾಲಿಯಾದ ಮನೆಗೆ ಬೀಗ. ಬಾಡಿಗೆ ಬರುವುದಿಲ್ಲ, ಗೋಡೆಗೆ ಗೆದ್ದಲು ಬರುತ್ತದೆ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಬಾಡಿಗೆದಾರರಾಗಿ 12 ವರ್ಷವಲ್ಲ, 40 ವರ್ಷ ಇದ್ದರೂ ಆ ಕಾರಣಕ್ಕೆ ಮನೆ ಅವರದ್ದಾಗುವುದಿಲ್ಲ.

12 ಎಂಬ ಅಂಕಿ ಬಂದದ್ದೆಲ್ಲಿಂದ?

ಅಂಕಿ ಸುಳ್ಳಲ್ಲ, ಜಾಗ ತಪ್ಪಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನಿಮ್ಮ ಆಸ್ತಿಯನ್ನು ಬೇರೆಯವರು ಪ್ರತಿಕೂಲವಾಗಿ ಹಿಡಿದುಕೊಂಡರೆ ಅದನ್ನು ಬಿಡಿಸಿಕೊಳ್ಳಲು 12 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಮೀರಿದರೆ ಆಸ್ತಿಯ ಮೇಲಿನ ನಿಮ್ಮ ಹಕ್ಕೇ ಹೋಗುತ್ತದೆ. ಸರ್ಕಾರದ ಆಸ್ತಿಗೆ ಈ ಅವಧಿ 30 ವರ್ಷ. ಕೋರ್ಟಿನ ಭಾಷೆಯಲ್ಲಿ ಇದು ‘ಪ್ರತಿಕೂಲ ಸ್ವಾಧೀನ’, ವಕೀಲರ ಬಾಯಲ್ಲಿ ಅಡ್ವರ್ಸ್ ಪೊಸೆಷನ್.

ಇಲ್ಲಿ ಮುಖ್ಯವಾದ ಪದ ‘ಪ್ರತಿಕೂಲ’. ವಿಜಯಪುರದ ಸ್ಮಾರಕಗಳಿಗೆ ಸಂಬಂಧಿಸಿದ ಆಸ್ತಿಯ ಬಗ್ಗೆ ಕರ್ನಾಟಕ ವಕ್ಫ್ ಮಂಡಳಿ ಮತ್ತು ಕೇಂದ್ರ ಸರ್ಕಾರದ ನಡುವೆ ನಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಸ್ವಾಧೀನ ಬಲವಂತದ್ದಾಗಿರಬಾರದು, ಗುಟ್ಟಿನದ್ದಾಗಿರಬಾರದು, ಮಾಲೀಕರ ಅನುಮತಿಯಿಂದ ಬಂದದ್ದೂ ಆಗಿರಬಾರದು. “ಇದು ನಿನ್ನದಲ್ಲ, ನನ್ನದು” ಎಂದು ಮಾಲೀಕರಿಗೆ ಕಾಣುವಂತೆ ನಿಂತಿರಬೇಕು. ಯಾವ ದಿನದಿಂದ ಹಾಗೆ ನಿಂತೆ ಎಂಬುದನ್ನೂ ಅವರೇ ಸಾಬೀತು ಮಾಡಬೇಕು.

ಬಾಡಿಗೆದಾರರು ಒಳಗೆ ಬಂದದ್ದೇ ಅನುಮತಿಯಿಂದ. ಪ್ರತಿ ತಿಂಗಳ ಬಾಡಿಗೆಯೂ “ಮನೆ ನಿಮ್ಮದು” ಎಂದು ಒಪ್ಪಿಕೊಂಡಂತೆಯೇ. ಬಾಡಿಗೆ ಸಂಬಂಧ ಇರುವವರೆಗೆ, ಮನೆ ಕೊಟ್ಟಾಗ ಮಾಲೀಕರಿಗೆ ಹಕ್ಕೇ ಇರಲಿಲ್ಲ ಎಂದು ಬಾಡಿಗೆದಾರರು ವಾದಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 116ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 122ನೇ ಸೆಕ್ಷನ್ ಆಗಿ ಉಳಿದಿದೆ.

ಹಾಗಾದರೆ ಸುಪ್ರೀಂ ಕೋರ್ಟ್ ತೀರ್ಪು ಯಾವುದು? 2019ರ ಆಗಸ್ಟ್ 7ರಂದು ರವೀಂದರ್ ಕೌರ್ ಗ್ರೆವಾಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಡೆದವರು ಪ್ರತಿವಾದಿಯಾಗಿ ಅದನ್ನು ಹೇಳಿಕೊಳ್ಳುವುದಷ್ಟೇ ಅಲ್ಲ, ತಾವೇ ವಾದಿಯಾಗಿ ದಾವೆ ಹೂಡಲೂಬಹುದು ಎಂಬುದು ಅದರ ತಿರುಳು. ಬಾಡಿಗೆ ಮನೆಯಲ್ಲಿ 12 ವರ್ಷ ಕಳೆದವರಿಗೆ ಮನೆ ಎಂಬ ಮಾತು ಅದರಲ್ಲಿ ಇಲ್ಲ. ಫಾರ್ವರ್ಡ್ ಮಾಡುವವರು ‘12 ವರ್ಷ’ ಇಟ್ಟುಕೊಂಡರು, ‘ಪ್ರತಿಕೂಲ’ ಬಿಟ್ಟರು.

ಮಾಲೀಕರು ನಿಜವಾಗಿ ನೆನಪಿಡಬೇಕಾದ 12 ವರ್ಷ ಬೇರೆಯೇ ಇದೆ. ಬಾಡಿಗೆ ಒಪ್ಪಂದ ಕಾನೂನುಬದ್ಧವಾಗಿ ಮುಗಿದ ದಿನದಿಂದ, ಅಂದರೆ ನೋಟಿಸ್ ಕೊಟ್ಟು ಬಾಡಿಗೆ ರದ್ದುಮಾಡಿದ ಮೇಲೆ, ಮನೆ ವಾಪಸ್ ಪಡೆಯಲು ದಾವೆ ಹೂಡುವುದಕ್ಕೆ ಅದೇ ಕಾಲಮಿತಿ ಕಾಯ್ದೆಯ 67ನೇ ಅನುಚ್ಛೇದ 12 ವರ್ಷ ಕೊಡುತ್ತದೆ. ಬಾಡಿಗೆಯೂ ಬರುತ್ತಿಲ್ಲ, ನೋಟಿಸ್ ಕೊಟ್ಟಾಗಿದೆ, ಆಮೇಲೆ ‘ನೋಡೋಣ’ ಎಂದು ಸುಮ್ಮನೆ ಕೂತರೆ ಅಲ್ಲಿ ಅಪಾಯ ಉಂಟು.

ನಮ್ಮ ಊರಲ್ಲಿ ಇದನ್ನು ಯಾಕೆ ನಂಬುತ್ತಾರೆ?

ಸುಳ್ಳು ಸುದ್ದಿ ಹರಡುವುದು ದಡ್ಡರಿಂದ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಗೇಣಿದಾರ ಒಡೆಯನಾದದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿಗೆ ಇದ್ದ ಕೃಷಿ ಜಮೀನು ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವರು ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ಹೋಗಿ ಜಮೀನು ಪಡೆದರು. “ಉಳುವವನೇ ಹೊಲದೊಡೆಯ” ಎಂಬ ಘೋಷಣೆ ಮನೆಮಾತಾಯಿತು. ಹೊಲ ಹಾಗೆ ಹೋಯಿತು, ಮನೆಯೂ ಹಾಗೇ ಹೋದೀತು ಎಂದು ಒಂದು ಹಿರಿ ಜೀವ ಅಂಜಿದರೆ ಆ ಅಂಜಿಕೆಗೆ ಇತಿಹಾಸವಿದೆ.

ಆದರೆ ಅದು ಕೃಷಿ ಭೂಮಿಗಾಗಿಯೇ ಮಾಡಿದ ವಿಶೇಷ ಕಾನೂನು. ಅಲ್ಲಿ 12 ವರ್ಷದ ಲೆಕ್ಕವೂ ಇರಲಿಲ್ಲ. ಗಂಗಾವತಿಯ ಎರಡು ಕೋಣೆಯ ಬಾಡಿಗೆ ಮನೆಗೆ ಅದು ಅನ್ವಯಿಸುವುದಿಲ್ಲ.

11 ತಿಂಗಳು, ಆಧಾರ್, ಕರೆಂಟ್ ಬಿಲ್

12 ವರ್ಷದ ಭಯಕ್ಕೆ ಜನ ಕಂಡುಕೊಂಡ ಮದ್ದು 11 ತಿಂಗಳ ಕರಾರು. ಇವೆರಡಕ್ಕೂ ಸಂಬಂಧವಿಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಉಳಿಸಲು 11 ತಿಂಗಳು ಬಂತು, ಅಷ್ಟೆ. ಮೂರು ವರ್ಷದ ಕರಾರು ಮಾಡಿ ನೋಂದಾಯಿಸಿದರೆ ಮಾಲೀಕರಿಗೆ ನಷ್ಟವೇನಿಲ್ಲ. ಬದಲಿಗೆ “ಇವರು ಬಾಡಿಗೆದಾರರು” ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗದು.

ಬಾಡಿಗೆದಾರರ ಆಧಾರ್‌ನಲ್ಲಿ ನಿಮ್ಮ ಮನೆಯ ವಿಳಾಸ ಬಂದರೂ ಅದು ಒಡೆತನದ ದಾಖಲೆಯಲ್ಲ. ಕರೆಂಟ್ ಬಿಲ್, ಗ್ಯಾಸ್ ಪುಸ್ತಕವೂ ಅಲ್ಲ. ಇನ್ನೊಂದು ಮಾತು: ಖಾತಾ ಅಥವಾ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ ಕೂಡ ಮೂಲತಃ ತೆರಿಗೆಗಾಗಿ ಇಡುವ ದಾಖಲೆ. ಒಡೆತನ ತೋರಿಸುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರದಂಥ ಕಾಗದ. ಬಾಡಿಗೆದಾರರ ಆಧಾರ್ ನೋಡಿ ಬೆಚ್ಚುವ ಮಾಲೀಕರಲ್ಲಿ ಎಷ್ಟೋ ಮಂದಿ, ತೀರಿಹೋದ ಅಪ್ಪನ ಹೆಸರಲ್ಲೇ ಇರುವ ಮನೆಯ ಕಾಗದವನ್ನು ಇನ್ನೂ ಸರಿಮಾಡಿಸಿರುವುದಿಲ್ಲ. ಮೊದಲು ಸರಿಮಾಡಿಸಬೇಕಾದದ್ದು ಅದು.

ಮನೆ ನೋಡಿಕೊಳ್ಳುವವರ ಮೇಲಿನ ಅನುಮಾನ

ಮಾಲೀಕರಿಗೆ ಬಾಡಿಗೆದಾರರ ಮೇಲಷ್ಟೇ ಅಲ್ಲ, ಕೀ ಕೊಟ್ಟವರ ಮೇಲೂ ಅನುಮಾನ ಇರುತ್ತದೆ. ಗೋವಾದ ಮನೆಯೊಂದರ ಪ್ರಕರಣದಲ್ಲಿ, ಮರಿಯಾ ಮಾರ್ಗರಿದಾ ಸಿಕ್ವೇರಾ ಫೆರ್ನಾಂಡಿಸ್ ಪ್ರಕರಣ ಅದು, ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ: ಮನೆ ನೋಡಿಕೊಳ್ಳುವವರು, ಕಾವಲುಗಾರರು, ಕೆಲಸದವರು ಎಷ್ಟೇ ವರ್ಷ ಅಲ್ಲಿದ್ದರೂ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಮಾಲೀಕರು ಕೇಳಿದಾಗ ಬಿಟ್ಟುಕೊಡಬೇಕು.

ಆದರೆ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಜಿಪಿಎ, ಬೇರೆ ವಿಷಯ. ಅದರಲ್ಲಿ ಮಾರುವ ಅಧಿಕಾರ ಬರೆದಿದ್ದರೆ ಅದನ್ನು ಬಳಸಲೂಬಹುದು. ಬಾಡಿಗೆ ವಸೂಲಿ, ರಿಪೇರಿ, ನೋಟಿಸ್ ಕೊಡುವುದು ಇಷ್ಟಕ್ಕೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಸಾಕು. ಮಾಲೀಕರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ, ವಾರಸುದಾರರಿಂದ ಹೊಸ ಪತ್ರ ಬೇಕು. ಈ ಕಸುಬಿನಲ್ಲಿರುವವರು ಎಡವುವುದು ಹೆಚ್ಚಾಗಿ ಇಲ್ಲೇ. ಅಪ್ಪನ ಕಾಲದ ನಂಬಿಕೆ ಮಕ್ಕಳ ಕಾಲಕ್ಕೆ ತಾನಾಗಿ ದಾಟುವುದಿಲ್ಲ.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆ ನೋಡಿಕೊಳ್ಳುವವರ ಬಗ್ಗೆ ಪ್ರತ್ಯೇಕವಾಗಿಯೇ ಇದೆ. ಅವರು ಯಾರು, ಮಾಲೀಕರು ಯಾವ ಕೆಲಸಕ್ಕೆ ಅಧಿಕಾರ ಕೊಟ್ಟಿದ್ದಾರೆ, ಅದಕ್ಕೆ ಪುರಾವೆ ಏನು ಎಂಬುದನ್ನು ಬಾಡಿಗೆದಾರರಿಗೆ ತಿಳಿಸಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ ಎಂಬುದೂ ಅಲ್ಲಿಯದೇ. ಇದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡದೆ ಇದು ತಾನಾಗಿ ಜಾರಿಗೆ ಬರುವುದಿಲ್ಲ. “ದೇಶಾದ್ಯಂತ ಹೊಸ ಬಾಡಿಗೆ ನಿಯಮ” ಎಂಬ ಸಂದೇಶ ಬಂದರೆ ಇದನ್ನು ನೆನಪಿಡಿ. ಆದರೂ ಆ ಪುರಾವೆ ತೋರಿಸುವ ಪದ್ಧತಿಯನ್ನು ಕಾನೂನಿಗೆ ಕಾಯದೆ ಇವತ್ತೇ ಶುರುಮಾಡಬಹುದು.

ಯಾಕೆಂದರೆ ನಿಜವಾದ ಮೋಸ ನಡೆಯುತ್ತಿರುವುದು ಆ ಪುರಾವೆ ಕೇಳದ ಕಡೆ. ಬೆಂಗಳೂರಿನಲ್ಲಿ ಪೊಲೀಸ್ ಠಾಣೆ ಮೆಟ್ಟಿಲೇರಿದ ಇಂಥ ದೂರುಗಳ ರೀತಿ ಹೀಗಿದೆ. ಮಧ್ಯವರ್ತಿ ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆ ಲೆಕ್ಕದಲ್ಲಿ ಪಡೆಯುತ್ತಾನೆ. ಅದೇ ಮನೆಯನ್ನು ಒಂದು ಕುಟುಂಬಕ್ಕೆ ಲಕ್ಷಾಂತರ ರೂಪಾಯಿ ಪಡೆದು ಲೀಸಿಗೆ, ಅಂದರೆ ಭೋಗ್ಯಕ್ಕೆ, ಕೊಡುತ್ತಾನೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಹಾಕುತ್ತಾನೆ, ಆಮೇಲೆ ಫೋನ್ ಸ್ವಿಚ್ ಆಫ್. ಬಾಡಿಗೆ ಬರಲಿಲ್ಲವೆಂದು ಮಾಲೀಕರು ಬಾಗಿಲಿಗೆ ಬರುತ್ತಾರೆ. ಒಳಗಿರುವವರು “ನಾವು ಲೀಸ್ ಹಣ ಪೂರ್ತಿ ಕೊಟ್ಟಿದ್ದೇವೆ” ಎನ್ನುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಹಣ ಕೊಡುವ ಮೊದಲು ಮಾಲೀಕರ ಜೊತೆ ನೇರವಾಗಿ ಒಂದು ಮಾತು, ಲೀಸಿಗೆ ಕೊಡುವ ಅಧಿಕಾರ ಪತ್ರ ನೋಡುವುದು, ದೊಡ್ಡ ಮೊತ್ತವನ್ನು ಮಾಲೀಕರ ಖಾತೆಗೇ ಹಾಕುವುದು, ಇಷ್ಟು ಮಾಡಿದರೆ ಈ ಆಟದ ಬಹುಪಾಲು ನಡೆಯುವುದಿಲ್ಲ.

12 ವರ್ಷದ ಭಯದಲ್ಲಿ ರಾತ್ರೋರಾತ್ರಿ ಬೀಗ ಬದಲಿಸುವವರಿಗೂ ಒಂದು ಮಾತು. ಕಾನೂನು ಕ್ರಮವಿಲ್ಲದೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಅಲ್ಲಿ ಮನೆ ಯಾರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬಾರದ ಮನೆಯಲ್ಲಿ ತಿಂಗಳ ಬಾಡಿಗೆಗೆ ಇರುವವರಿಗೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್‌ನಂತೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಆಗಲೂ ಬಿಡದಿದ್ದರೆ ಸಿವಿಲ್ ಕೋರ್ಟ್. ಆ ದಿನ ಕೈಯಲ್ಲಿರಬೇಕಾದದ್ದು ಕರಾರು ಪತ್ರ ಮತ್ತು ತಿಂಗಳು ತಿಂಗಳು ಬಾಡಿಗೆ ಜಮಾ ಆದ ಬ್ಯಾಂಕ್ ಪಾಸ್‌ಬುಕ್. ನಗದು ಕೊಡುವವರಿದ್ದರೆ ರಸೀದಿ ಪುಸ್ತಕ ಮಾಡಿ, ಒಂದು ಪ್ರತಿ ಅವರಿಗೆ, ಒಂದು ನಿಮಗೆ.